ಬಂದರಿನ ಬಲೆ ಅಂಗಡಿಯಲ್ಲಿ ಸಂಗೀತೋತ್ಸವದ ಸಾಮಾನು

ಕಾರವಾರದ ಬೈತಖೋಲ ಬಂದರಿಗೆ ಇಳಿಯುವ ದಾರಿಯಲ್ಲಿ ಬಲೆ, ಹಗ್ಗ, ತಾಡಪಾಲು ಮಾರುವ ಒಂದು ಅಂಗಡಿ ಇದೆ. ಫಲಕವಿದೆ, ಆದರೆ ಉಪ್ಪುಗಾಳಿಗೆ ಅಕ್ಷರಗಳು ಉದುರಿಹೋಗಿ ಕಬ್ಬಿಣದ ತಗಡು ಮಾತ್ರ ಉಳಿದಿದೆ. ದೋಣಿಯವರನ್ನು ಬಿಟ್ಟರೆ ಅಲ್ಲಿಗೆ ಹೋಗುವವರು ಕಡಿಮೆ. ಕಳೆದ ಸೆಪ್ಟೆಂಬರಿನಲ್ಲಿ ನಾನು ಹತ್ತು ದಿನದಲ್ಲಿ ನಾಲ್ಕು ಸಲ ಹೋದೆ. ಕಾರಣ ಮೀನುಗಾರಿಕೆಯಲ್ಲ, ಡೇರೆ ಹಾಕಿಕೊಂಡು ಸಂಗೀತ ಕೇಳುವ ಹುಚ್ಚು.

ತಂಗಿಯ ಮಗಳು ಬೆಂಗಳೂರಿನಿಂದ ಫೋನು ಮಾಡಿ, ಅರುಣಾಚಲದ ಜೀರೋ ಸಂಗೀತೋತ್ಸವಕ್ಕೆ ಎರಡು ಟಿಕೆಟ್ ತೆಗೆದಿದ್ದೇನೆ, ಗೆಳತಿ ಕೈಕೊಟ್ಟಳು, ನೀವು ಬನ್ನಿ ಎಂದಳು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು, ವಯಸ್ಸು ನಲವತ್ತಾರು. ಚಾಪೆ ಹಾಸಿ, ಕಂಬಳಿ ಹೊದ್ದು, ಚಂಡೆಯ ಸದ್ದಿಗೆ ತೂಕಡಿಸುತ್ತ ಬೆಳಗಿನವರೆಗೆ ಬಯಲಾಟ ನೋಡಿದ ಅನುಭವ ನನಗೆ ಬೇಕಾದಷ್ಟಿದೆ. ಇದೂ ಅದರಂತೆಯೇ ಎಂದುಕೊಂಡು ಒಪ್ಪಿದೆ. ಬಯಲಾಟ ಮುಗಿದ ಮೇಲೆ ಮನೆಗೆ ಹೋಗಿ ಒಣಬಟ್ಟೆ ಹಾಕಿಕೊಳ್ಳಬಹುದು ಎಂಬುದು ಆಗ ಹೊಳೆಯಲಿಲ್ಲ. ಜೀರೋದಲ್ಲಿ ನಾಲ್ಕು ರಾತ್ರಿ, ಸಮುದ್ರಮಟ್ಟದಿಂದ ಒಂದೂವರೆ ಸಾವಿರ ಮೀಟರಿಗೂ ಎತ್ತರದಲ್ಲಿ, ಗದ್ದೆ ಬಯಲಿನ ಕೆಸರಿನಲ್ಲಿ ಮಲಗಬೇಕು. 2012ರಿಂದ ನಡೆಯುತ್ತಿರುವ ಈ ಉತ್ಸವ ಸೆಪ್ಟೆಂಬರ್ ಕೊನೆಗೆ ಬೀಳುತ್ತದೆ, ಅಲ್ಲಿ ಮಳೆ ಇನ್ನೂ ಬಿಟ್ಟಿರುವುದಿಲ್ಲ.

ಮೊದಲು ಡೇರೆಯನ್ನು ಆನ್‌ಲೈನಿನಲ್ಲಿ ತರಿಸಿದೆ. ಯಾರಿಂದ ಎಂದು ಹೇಳುವುದಿಲ್ಲ. ಇಬ್ಬರಿಗೆ ಎಂದು ಬರೆದಿದ್ದರು. ಅದು ಒಬ್ಬ ಮನುಷ್ಯ ಮತ್ತು ಒಂದು ಚೀಲಕ್ಕೆ ಸರಿಯಾಗಿದೆ, ಹಾಗಾಗಿ ಸೋದರಸೊಸೆ ತನ್ನದನ್ನು ಬೇರೆ ತಂದಳು. ಬಟ್ಟೆ 2000 ಮಿಲಿಮೀಟರ್ ನೀರು ತಡೆಯುತ್ತದೆ ಎಂದೂ ಬರೆದಿತ್ತು. ಬಟ್ಟೆಯ ಮೇಲೆ ಕೊಳವೆ ನಿಲ್ಲಿಸಿ ಎರಡು ಮೀಟರ್ ಎತ್ತರದವರೆಗೆ ನೀರು ತುಂಬಿದರೂ ಜಿನುಗುವುದಿಲ್ಲ ಎಂದು ಅದರ ಅರ್ಥ. ಮಳೆಗೆ ಇದು ಸಾಕು, ಮಂಡಿಗೆ ಸಾಲದು. ಐವತ್ತು ಕಿಲೋ ಭಾರವನ್ನು ನೂರು ಚದರ ಸೆಂಟಿಮೀಟರ್ ಮಂಡಿಯ ಮೇಲೆ ಊರಿದರೆ ಕೆಳಗಿನ ಬಟ್ಟೆಗೆ ಐದು ಮೀಟರ್ ನೀರಿನ ಒತ್ತಡ ಬೀಳುತ್ತದೆ. ಒಂಬತ್ತನೆಯ ತರಗತಿಯಲ್ಲಿ ವರ್ಷವರ್ಷವೂ ಕಲಿಸುವ ಪಾಠ. ನನಗೆ ಅರ್ಥವಾದದ್ದು ಸದಾಶಿವಗಡದ ಅಣ್ಣನ ಮನೆಯ ಅಂಗಳದಲ್ಲಿ ಪರೀಕ್ಷೆಗೆಂದು ಡೇರೆ ಹಾಕಿ ಮಲಗಿದ ದಿನ, ಅರ್ಧರಾತ್ರಿ, ಮಂಡಿಯ ಕೆಳಗೆ ತಣ್ಣಗಾದಾಗ.

ಆ ರಾತ್ರಿ ಇನ್ನೂ ಎರಡು ಕಡೆಯಿಂದ ನೀರು ಬಂತು. ಹೊಲಿಗೆಯ ಗೆರೆಯಲ್ಲಿ ಹನಿ ಹನಿಯಾಗಿ ಇಳಿಯಿತು. ಮಿಕ್ಕದ್ದು ನನ್ನದೇ ಉಸಿರು: ಕಿಟಕಿ ಮುಚ್ಚಿ ಮಲಗಿದ್ದರಿಂದ ಒಳಗೋಡೆಯೆಲ್ಲ ಬೆವರಿ ಹಾಸಿಗೆಗೆ ತೊಟ್ಟಿಕ್ಕಿತು. ಚಿರೆಕಲ್ಲಿನ ನೆಲಕ್ಕೆ ಹೊಡೆದ ಗೂಟಗಳು ಕೊಕ್ಕೆಗಳಾಗಿದ್ದವು. ಬೆಳಿಗ್ಗೆ ಅತ್ತಿಗೆ ಚಹಾ ಕೊಡುತ್ತ, ನಮ್ಮ ಕೊಟ್ಟಿಗೆಯೇ ವಾಸಿ ಎಂದರು. ಡೇರೆಯನ್ನು ಹಿಂತಿರುಗಿಸುತ್ತೇನೆಂದರೆ ಮಾರಿದವರು, ಬಳಸಿದ ಮಾಲು ವಾಪಸು ಪಡೆಯುವುದಿಲ್ಲ ಎಂದು ಉತ್ತರ ಬರೆದರು. ಅಲ್ಲಿಂದ ನೇರ ಬಂದರಿಗೆ ಹೋದೆ, ಅಣ್ಣ ಹೇಳಿದ್ದರಿಂದ. ಮಳೆಯಲ್ಲಿ ಒದ್ದೆಯಾಗದೆ ಇರುವ ವಿದ್ಯೆ ಕೇಳಬೇಕಾದದ್ದು ಬೆಟ್ಟ ಹತ್ತುವವರನ್ನಲ್ಲ, ಸಮುದ್ರಕ್ಕೆ ಹೋಗುವವರನ್ನು ಎಂದು ಅವನ ವಾದ.

ಅಂಗಡಿಯವರಿಗೆ ಅರುವತ್ತರ ಆಸುಪಾಸು. ಕೊಂಕಣಿಯಲ್ಲಿ ಆರಂಭಿಸಿದ ವಾಕ್ಯವನ್ನು ಕನ್ನಡದಲ್ಲಿ ಮುಗಿಸುವವರು. ಏನು ಬೇಕು ಎಂದು ಕೇಳಲಿಲ್ಲ. ಎಲ್ಲಿ ಮಲಗುತ್ತೀರಿ, ನೆಲ ಎಂಥದ್ದು, ಗಾಳಿ ಯಾವ ಕಡೆಯಿಂದ ಎಂದು ಕೇಳಿದರು. ಗಾಳಿಯ ವಿಷಯ ಗೊತ್ತಿಲ್ಲ ಎಂದಾಗ ನನ್ನನ್ನು ನೋಡಿದ ನೋಟದಲ್ಲಿ ನನ್ನ ಪದವಿಗಳೆಲ್ಲ ಕರಗಿದವು.

ತಾಡಪಾಲು ತೂಗಿ ಕೊಟ್ಟ ಬಗೆ ನನಗೆ ಬಹಳ ಹಿಡಿಸಿತು. ಹನ್ನೆರಡು ಅಡಿ ಉದ್ದ, ಒಂಬತ್ತು ಅಡಿ ಅಗಲದ್ದಕ್ಕೆ ನಾನು ಗಟ್ಟಿಯಾದ 200 ಜಿಎಸ್ಎಂ, ಅಂದರೆ ಚದರ ಮೀಟರಿಗೆ 200 ಗ್ರಾಂ ತೂಗುವುದನ್ನು ಕೇಳಿದೆ. ವಿಮಾನದಲ್ಲಿ ಹೋಗುವವರಿಗೆ ಅದು ಯಾಕೆ ಎಂದು ಅವರು 120ರದ್ದನ್ನು ಎಳೆದರು. ಲೆಕ್ಕ ಹಾಕಿದೆ: ಹತ್ತು ಚದರ ಮೀಟರಿಗೆ ಅದು 1.2 ಕಿಲೋ, ನಾನು ಕೇಳಿದ್ದು 2 ಕಿಲೋ. ದುಬಾರಿಯದ್ದನ್ನು ತಾನಾಗಿ ಬೇಡವೆನ್ನುವ ಅಂಗಡಿಕಾರರು ನನಗೆ ಸಿಕ್ಕಿರುವುದು ಕಡಿಮೆ. ಇದನ್ನು ಡೇರೆಗೆ ತಾಗಿಸದೆ ಒಂದು ಗೇಣು ಮೇಲೆ ಕಟ್ಟಿ, ನಡುವೆ ಗಾಳಿ ಓಡಲಿ ಎಂದರು. ನೆಲಕ್ಕೆ ಹಾಸುವ ಹಾಳೆಯನ್ನು ಡೇರೆಯ ತಳಕ್ಕಿಂತ ನಾಲ್ಕು ಬೆರಳು ಚಿಕ್ಕದಾಗಿ ಅವರೇ ಕತ್ತರಿಸಿ ಕೊಟ್ಟರು. ಹೊರಗೆ ಇಣುಕಿದರೆ ಮೇಲಿನಿಂದ ಇಳಿದ ನೀರನ್ನೆಲ್ಲ ಹಿಡಿದು ನಿಮ್ಮ ಬೆನ್ನಿನ ಕೆಳಗೆ ತರುತ್ತದಂತೆ. ಸದಾಶಿವಗಡದಲ್ಲಿ ನಾನು ಸುತ್ತಲೂ ಒಂದೊಂದು ಅಡಿ ಹೆಚ್ಚು ಹಾಸಿದ್ದೆ.

ಹಗ್ಗದ ವಿಷಯಕ್ಕೆ ಒಂದು ಗಂಟೆ ಹೋಯಿತು. ಡೇರೆಯ ಜೊತೆ ಬಂದಿದ್ದ ನೈಲಾನ್ ದಾರಗಳನ್ನು ಬಕೆಟ್ಟಿನಲ್ಲಿ ಅದ್ದಿ, ಎಳೆದು ತೋರಿಸಿದರು. ನೈಲಾನ್ ಒದ್ದೆಯಾದರೆ ಹಿಗ್ಗುತ್ತದೆ. ಸಂಜೆ ಬಿಗಿಯಾಗಿ ಕಟ್ಟಿದ್ದು ಮಳೆ ಬಂದ ಮೇಲೆ ಜೋಲುತ್ತದೆ. ಬದಲಿಗೆ ನಾಲ್ಕು ಮಿಲಿಮೀಟರಿನ ಪಾಲಿಪ್ರೊಪಿಲೀನ್ ಹಗ್ಗ ಕೊಟ್ಟರು. ನೀರು ಕುಡಿಯದ, ತೇಲುವ ಹಗ್ಗ. ಬಿಸಿಲಿಗೆ ವರ್ಷ ಕಳೆದರೆ ಪುಡಿಯಾಗುತ್ತದೆ ಎಂದು ಅದರ ದೋಷವನ್ನೂ ಅವರೇ ಹೇಳಿದರು. ಸರಿಸಿದರೆ ಸರಿಯುವ, ಎಳೆತ ಬಿದ್ದರೆ ಕಚ್ಚುವ ಒಂದು ಗಂಟನ್ನು ಕಲಿಸಿದರು. ನನ್ನ ಕೈಗೆ ಅದು ಒಂಬತ್ತನೆಯ ಸಲ ಬಂತು. ಎಂಟನೆಯ ಸಲದವರೆಗೆ ಎರಡು ಗಿರಾಕಿಗಳು ನಿಂತು ನಕ್ಕರು. ಒಬ್ಬನ ಮಗ ನನ್ನ ಹಳೆಯ ವಿದ್ಯಾರ್ಥಿ. ಗೂಟ ನಿಲ್ಲದ ಕೆಸರಿನಲ್ಲಿ ಒಂದು ಕೋಲಿನ ನಡುವಿಗೆ ಹಗ್ಗ ಕಟ್ಟಿ, ಕೋಲನ್ನು ಅಡ್ಡಲಾಗಿ ಮೊಣಕೈ ಆಳಕ್ಕೆ ಹೂಳಬೇಕು. ಜೀರೋದಲ್ಲಿ ಬಿದಿರಿಗೆ ಬರವಿಲ್ಲ, ವೇದಿಕೆಗಳೂ ಬಿದಿರಿನವೇ. ಎರಡನೆಯ ರಾತ್ರಿ ಪಕ್ಕದ ಡೇರೆಗಳ ಗೂಟ ಕಿತ್ತುಬಂದಾಗ ನನ್ನದು ನಿಂತಿತ್ತು. ಸೊಸೆ ಅದರ ಫೋಟೋ ತೆಗೆದಳು, ಗಾಯಕರದ್ದಕ್ಕಿಂತ ಹೆಚ್ಚು.

ಮಂಡಿಯವರೆಗಿನ ಗಂಬೂಟು: ನಿಸ್ಸಂಶಯವಾಗಿ ತೆಗೆದುಕೊಳ್ಳಿ. ಒಂದು ಸೈಜು ದೊಡ್ಡದು, ಒಳಗೆ ಉಣ್ಣೆಯ ಕಾಲುಚೀಲ. ಮಳೆಯಂಗಿ ಮತ್ತು ಪ್ಯಾಂಟು ಒಂದೇ ಹಳದಿಯಲ್ಲಿ ಸಿಗುತ್ತದೆ. ಹನಿ ನೀರು ಒಳಗೆ ಬರುವುದಿಲ್ಲ, ಬೆವರು ಹೊರಗೆ ಹೋಗುವುದಿಲ್ಲ. ನಿಂತು ಹಾಡು ಕೇಳುವವರಿಗೆ ನಡೆಯುತ್ತದೆ, ಕುಣಿಯುವವರಿಗೆ ಅಲ್ಲ. ಶಿರಸಿಯ ಕಡೆ ಗದ್ದೆ ನಾಟಿಗೆ ಬೆನ್ನ ಮೇಲೆ ಹೊರುತ್ತಿದ್ದ ಗೊರಬು ಈ ವಿಷಯದಲ್ಲಿ ಮೇಲು, ಅದರ ಕೆಳಗೆ ಗಾಳಿಯಾಡುತ್ತದೆ. ಆದರೆ ಗೊರಬು ಹೊತ್ತು ವಿಮಾನ ಹತ್ತುವ ಧೈರ್ಯ ನನಗಿಲ್ಲ.

ಹದಿನೈದು ರೂಪಾಯಿಯ ವಸ್ತುವೊಂದು ಎಲ್ಲಕ್ಕಿಂತ ಉಪಯೋಗಕ್ಕೆ ಬಂತು. ದೋಣಿಯವರು ಮೊಬೈಲು, ಬೀಡಿ, ಹಣ ಹಾಕಿ ಬಾಯಿಯನ್ನು ಮೂರು ಸುತ್ತು ಮಡಚಿ ಸೈಕಲ್ ಟ್ಯೂಬಿನ ತುಂಡು ಬಿಗಿಯುವ ದಪ್ಪ ಪ್ಲಾಸ್ಟಿಕ್ ಚೀಲ. ಅರುಣಾಚಲದೊಳಗೆ ಹೋಗಲು ಹೊರರಾಜ್ಯದವರಿಗೆ ಇನ್ನರ್ ಲೈನ್ ಪರ್ಮಿಟ್ ಬೇಕು. ಆನ್‌ಲೈನಿನಲ್ಲಿ ಪಡೆದು ಮುದ್ರಿಸಿದ ಆ ಕಾಗದವನ್ನು, ಗುರುತಿನ ಚೀಟಿಯ ಜೊತೆ, ಇದರಲ್ಲಿ ಇಟ್ಟೆ. ಇನ್ನೊಂದರಲ್ಲಿ ಪವರ್ ಬ್ಯಾಂಕ್. 20,000 ಎಂಎಎಚ್‌ನದ್ದು 74 ವ್ಯಾಟ್ ಅವರ್ ಆಗುತ್ತದೆ. ವಿಮಾನದಲ್ಲಿ 100ರೊಳಗಿದ್ದರೆ ಪರವಾನಗಿ ಬೇಡ, ಆದರೆ ಕೈಚೀಲದಲ್ಲೇ ಇರಬೇಕು. ಗೂಟಗಳು ಮಾತ್ರ ದೊಡ್ಡ ಚೀಲಕ್ಕೆ. ಗೋವಾದಿಂದ ಗುವಾಹಟಿಗೆ ವಿಮಾನ, ಅಲ್ಲಿಂದ ರಾತ್ರಿಯ ರೈಲಿನಲ್ಲಿ ನಾಹರ್‌ಲಗುನ್, ಮುಂದೆ ಗುಡ್ಡದ ದಾರಿಯಲ್ಲಿ ಹಂಚಿಕೊಂಡ ಜೀಪು. ಮೂರನೆಯ ದಿನ ತಲುಪಿದಾಗ ಒಣಗಿದ್ದು ಆ ಚೀಲಗಳೊಳಗಿನದ್ದು ಮಾತ್ರ.

ಈಗ ದೂರುಗಳು. ತಲೆಗೆ ಕಟ್ಟುವ ದೀಪವನ್ನು ಇಲ್ಲಿ ಕೊಳ್ಳಬೇಡಿ. ಕಡಲಿನಲ್ಲಿ ಬಲೆಯ ತೇಲುಬುರುಡೆ ಹುಡುಕಲು ಮಾಡಿದ ದೀಪ ಅದು. ಶೌಚಾಲಯಕ್ಕೆಂದು ಹೊರಟರೆ ಹತ್ತು ಡೇರೆಗಳು ಏಕಕಾಲಕ್ಕೆ ಬೆಳಗಾಗಿ ಬೈಗುಳ ಶುರುವಾಗುತ್ತದೆ. ಕೆಂಪು ಬೆಳಕೂ ಇರುವ ಚಿಕ್ಕದನ್ನು ಬೇರೆಡೆ ಕೊಳ್ಳಿ. ಮಲಗುವ ಚೀಲ, ಕಿವಿಗೆ ಇಡುವ ಬಿರಡೆ ಇಲ್ಲಿ ಸಿಗುವುದಿಲ್ಲ. ಬಿರಡೆ ಔಷಧಿ ಅಂಗಡಿಯಲ್ಲಿ ಸಿಕ್ಕಿತು. ಅದನ್ನು ಮರೆಯಬಾರದು, ಏಕೆಂದರೆ ವೇದಿಕೆಯ ಸಂಗೀತ ನಿಂತ ಮೇಲೆ ಡೇರೆಗಳ ಗಿಟಾರುಗಳು ಶುರುವಾಗುತ್ತವೆ, ಅವರೆಲ್ಲರಿಗೂ ಗೊತ್ತಿರುವುದು ಒಂದೇ ಹಾಡು.

ದೊಡ್ಡ ದೂರು ವಾಸನೆಯದ್ದು. ಅಂಗಡಿಯ ಹಿಂಬದಿಯಲ್ಲಿ ಒಣಮೀನಿನ ಮೂಟೆಗಳಿವೆ. ತಾಡಪಾಲಿಗೂ ಹಗ್ಗಕ್ಕೂ ಆ ವಾಸನೆ ಹತ್ತಿದೆ. ಕಾರವಾರದಲ್ಲಿ ಇದ್ದಾಗ ನಮಗೆ ಅದು ಗೊತ್ತಾಗುವುದೇ ಇಲ್ಲ. ಜೀರೋದ ಶುದ್ಧ ಗಾಳಿಯಲ್ಲಿ, ಪೈನ್ ಮರಗಳ ನಡುವೆ, ಮೊದಲ ದಿನದ ಮಳೆ ನಿಂತು ಬಿಸಿಲು ಬಂದ ಕ್ಷಣ ನನ್ನ ಡೇರೆ ಬೈತಖೋಲವಾಯಿತು. ಊರನಾಯಿಯೊಂದು ಬಂದು ತಾಡಪಾಲಿನ ಕೆಳಗೆ ಮಲಗಿತು, ನಾವು ಹೊರಡುವವರೆಗೆ ಬಿಡಲಿಲ್ಲ. ಕೊಂಡ ಮೇಲೆ ಸೋಪಿನಲ್ಲಿ ತೊಳೆದು ಎರಡು ದಿನ ಗಾಳಿಗೆ ಹಾಕಿ. ಸೆಪ್ಟೆಂಬರಿನ ಕಾರವಾರದಲ್ಲಿ ಎರಡು ದಿನ ಬಿಸಿಲು ಸಿಕ್ಕಿದರೆ.

ಹೋಗುವ ಹೊತ್ತು ನೋಡಿಕೊಳ್ಳಿ. ದೋಣಿ ಬರುವ ಬೆಳಗಿನ ಜಾವ ಗದ್ದಲ, ಮಧ್ಯಾಹ್ನ ಬಾಗಿಲು ಮುಚ್ಚಿರುತ್ತದೆ, ಸಂಜೆ ನಾಲ್ಕರ ಮೇಲೆ ಮಾತಿಗೆ ಸಿಗುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುವುದರಿಂದ ಆಗ ಹೋದರೆ ಗಂಟು ಕಲಿಸಲು ಇನ್ನಷ್ಟು ಪುರುಸೊತ್ತು ಇರುತ್ತದೆ. ಆಗಸ್ಟ್ ಮೊದಲ ವಾರ ಆ ಕಡೆ ಸುಳಿಯಬೇಡಿ. ರಸೀದಿ ಕೇಳಿದರೆ ಬೀಡಿಪೆಟ್ಟಿಗೆಯ ರಟ್ಟಿನ ಮೇಲೆ ಬರೆದುಕೊಡುತ್ತಾರೆ. ದೀಪ ಬಿಟ್ಟು ನನ್ನ ಒಟ್ಟು ಖರ್ಚು 2,340 ರೂಪಾಯಿ, ಸೋರುವ ಆ ಡೇರೆಯ ಬೆಲೆಯ ಅರ್ಧಕ್ಕೂ ಕಡಿಮೆ.

ಮರಳಿದ ಮೇಲೆ ಉಳಿದ ಹಗ್ಗ ಹಿಡಿದು ಹೋಗಿ ವರದಿ ಒಪ್ಪಿಸಿದೆ. ಹಾಡು ಹೇಗಿತ್ತು ಎಂದು ಅವರು ಕೇಳಲಿಲ್ಲ. ಅಲ್ಲಿನ ಅಪತಾನಿ ಜನ ಭತ್ತದ ಗದ್ದೆಯ ನೀರಿನಲ್ಲೇ ಮೀನು ಸಾಕುತ್ತಾರೆ, ಒಂದೇ ಗದ್ದೆಯಲ್ಲಿ ಅನ್ನವೂ ಮೀನೂ ಎಂದಾಗ ಮಾತ್ರ ಹಗ್ಗ ಸುತ್ತುವುದನ್ನು ನಿಲ್ಲಿಸಿದರು. ತಿಂದಿರಾ ಎಂದರು. ತಿಂದೆ ಎಂದೆ. ಸ್ವಲ್ಪ ಯೋಚಿಸಿ, "ಬೆಳೆಯಲಿ ಪಾಪ, ಆದರೆ ಉಪ್ಪು ನೀರು ಕಾಣದ ಮೀನಿಗೆ ರುಚಿ ಎಲ್ಲಿಂದ ಬರಬೇಕು?" ಎಂದು ಮತ್ತೆ ಹಗ್ಗ ಸುತ್ತತೊಡಗಿದರು.