ಒಟ್ಟಾಗಿ ಹೋರಾಡಲು: ನೇಟೋ ದಾರಿಯೋ, ಮಲಬಾರ್ ದಾರಿಯೋ?

ನೇಟೋ ಅಂದರೆ ಉತ್ತರ ಅಮೆರಿಕ, ಯುರೋಪಿನ ದೇಶಗಳ ಸೇನಾ ಒಕ್ಕೂಟ. ಅದರದ್ದು ಬರೆದಿಟ್ಟ ನಿಯಮಗಳ ದಾರಿ. ಗುಂಡಿನ ಅಳತೆ, ನಕ್ಷೆ, ರೇಡಿಯೊ, ಎಲ್ಲಕ್ಕೂ 32 ದೇಶಗಳ ನಡುವೆ ಮಾನದಂಡಗಳಿವೆ. ಹಾಗಂತ ಎಲ್ಲ ಸಲೀಸಲ್ಲ. ಉಕ್ರೇನಿಗೆ ಹೋದ 155 ಮಿ.ಮೀ. ಶೆಲ್‌ಗಳನ್ನೇ ನೋಡಿ. ಅಳತೆ ಒಂದೇ, ಆದರೂ ಎಲ್ಲ ಶೆಲ್ ಎಲ್ಲ ಫಿರಂಗಿಗೂ ಸರಿಹೊಂದಲಿಲ್ಲ. ಕಾಗದದ ಮೇಲಿನ ಒಪ್ಪಿಗೆಯೇ ಬೇರೆ, ಅಲ್ವಾ?

ಮಲಬಾರ್ ಬರೀ ನೌಕಾ ಅಭ್ಯಾಸ. 1992ರಲ್ಲಿ ಭಾರತ, ಅಮೆರಿಕ ಶುರು ಮಾಡಿದವು. ಈಗ ಜಪಾನ್, ಆಸ್ಟ್ರೇಲಿಯಾ ಕೂಡ ಇವೆ. ತೊಡಕು ಬಂದದ್ದು ಸಂಪರ್ಕದಲ್ಲಿ. ಅಮೆರಿಕದಿಂದ ಕೊಂಡ ನಮ್ಮ ಪಿ-8ಐ ಸಮುದ್ರ ಗಸ್ತು ವಿಮಾನಗಳು ಮೊದಲು ಬಂದಾಗ ಅಮೆರಿಕದ ಗುಪ್ತ ಸಂಪರ್ಕ ಸಾಧನ ಅವುಗಳಲ್ಲಿ ಇರಲಿಲ್ಲ. 2018ರಲ್ಲಿ ಕಾಮ್‌ಕಾಸಾಗೆ, ಅಂದರೆ ಅಂಥ ಸಾಧನ ಕೊಡಲು ಅವಕಾಶ ಮಾಡುವ ಭಾರತ-ಅಮೆರಿಕ ಒಪ್ಪಂದಕ್ಕೆ, ಸಹಿ ಬಿದ್ದ ಮೇಲೆ ದಾರಿ ತೆರೆಯಿತು.

ಶತ್ರು ಗಡಿಯಲ್ಲೇ ಇದ್ದರೆ ನೇಟೋ ದಾರಿಯೇ ಸರಿ. ಯಾವ ಬಣದ ಹಂಗೂ ಬೇಡವೆಂದರೆ ಮಲಬಾರ್. ಆದರೆ ನಿಧಾನ ಜಾಸ್ತಿ.