ಬಿಚ್ಚುವ ಮೊದಲು ಅಳೆದು ನೋಡುವ ಎಲೆಕ್ಟ್ರಿಷಿಯನ್

ನಮ್ಮದು 2004ರ ಮಾರುತಿ 800. ಅಪ್ಪ ಓಡಿಸುತ್ತಿದ್ದ ಕಾರು, ಈಗ ಓಡುವುದಕ್ಕಿಂತ ಹಲಸಿನ ಮರದ ಕೆಳಗೆ ನೆನೆಯುತ್ತಾ ನಿಂತಿರುವುದೇ ಜಾಸ್ತಿ. ಈ ಮಳೆಗಾಲದಲ್ಲಿ ಕೀ ತಿರುಗಿಸಿದರೆ ಬರೀ ಟಕ್ ಅನ್ನುತ್ತಿತ್ತು, ಇಂಜಿನ್ ಎಬ್ಬಿಸುವ ಸೆಲ್ಫ್ ಮೋಟರ್ ತಿರುಗುತ್ತಿರಲಿಲ್ಲ. ಹಾರ್ನ್ ಮಾತ್ರ ಜೋರಾಗಿಯೇ ಹೊಡೆಯುತ್ತಿತ್ತು. ತಳ್ಳಿ ಸ್ಟಾರ್ಟ್ ಮಾಡಿದರೂ ರಾತ್ರಿ ಹೆಡ್‌ಲೈಟ್, ವೈಪರ್ ಎರಡೂ ಹಾಕಿದರೆ ಬೆಳಕು ಬುಡ್ಡಿ ದೀಪದಷ್ಟು.

ಮೊದಲು ಹೋದ ಗ್ಯಾರೇಜಿನಲ್ಲಿ (ಹೆಸರು ಬೇಡ ಬಿಡಿ) ಬಾನೆಟ್ ಎತ್ತುವ ಮೊದಲೇ ಬ್ಯಾಟರಿ ಹೋಗಿದೆ ಅಂದರು. ಹೊಸದು ಹಾಕಿಸಿದೆ. ಮೂರೇ ವಾರ, ಮತ್ತೆ ಅದೇ ಟಕ್. ಈಗ ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ಬಿಚ್ಚಬೇಕು ಅಂದರು. ಸಾಕಪ್ಪ ಅನ್ನಿಸಿ ತೀರ್ಥಹಳ್ಳಿಯ ಈ ಪುಟ್ಟ ಆಟೋ ಎಲೆಕ್ಟ್ರಿಕಲ್ ಅಂಗಡಿಗೆ ತಂದೆ.

ಇವರು ಸ್ಪ್ಯಾನರ್ ಮುಟ್ಟಲೇ ಇಲ್ಲ. ಮೀಟರ್ ತಂದು ಬ್ಯಾಟರಿ ನೋಡಿದರು, 12.3 ವೋಲ್ಟ್. ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಗೇರ್‌ಬಾಕ್ಸಿನ ಮೈಗೆ ಒತ್ತಿ ಹಿಡಿದು "ಸೆಲ್ಫ್ ಹೊಡೀರಿ ಸಾರ್" ಅಂದರು. ಟಕ್. ಮೀಟರಿನಲ್ಲಿ 3 ವೋಲ್ಟ್ ದಾಟಿತು. ಅಲ್ಲಿ ಅರ್ಧ ವೋಲ್ಟ್ ಬಂದರೂ ಜಾಸ್ತಿಯಂತೆ. ಇನ್ನೆರಡು ಸಲ ಹೊಡೆಸಿ "ಈ ಕೇಬಲ್ ಮುಟ್ಟಿ ನೋಡಿ" ಅಂದರು. ಆಕ್ಸಿಲರೇಟರ್ ಕೇಬಲ್ ಬಿಸಿಯಾಗಿತ್ತು! ಇಂಜಿನ್ನಿನ ಅರ್ತಿಂಗ್, ಅಂದರೆ ಕರೆಂಟು ಬ್ಯಾಟರಿಯ ಮೈನಸ್‌ಗೆ ವಾಪಸ್ ಬರುವ ದಾರಿ, ಕಟ್ಟಿಹೋದಾಗ ಅದು ಸಿಕ್ಕಿದ ಲೋಹ ಹಿಡಿದು ಬರುತ್ತದೆ, ಪಾಪ ಆ ತೆಳ್ಳಗಿನ ತಂತಿಗೆ ಸೆಲ್ಫಿನ ಭಾರ ತಡೆಯುತ್ತದೆಯೇ. ಕಾರಿನ ಮೈಗೆ ಹೋಗುವ ಅರ್ಥ್ ವೈರ್ ಬೇರೆ, ಅದು ಚೆನ್ನಾಗಿತ್ತು, ಅದಕ್ಕೇ ಹಾರ್ನ್ ಹೊಡೆಯುತ್ತಿತ್ತು. ಡೈನಮೋ ಇರುವುದೂ ಇಂಜಿನ್ ಮೇಲೇ ಅಲ್ವಾ, ಹಾಗಾಗಿ ಚಾರ್ಜ್ ಕೂಡ ಬ್ಯಾಟರಿಗೆ ಸರಿಯಾಗಿ ತಲುಪುತ್ತಿರಲಿಲ್ಲ. ಹೊಸ ಬ್ಯಾಟರಿ ಸುಮ್ನೆ ಹಸಿದುಕೊಂಡು ಕೂತಿತ್ತು.

ಮೈನಸ್‌ನಿಂದ ಗೇರ್‌ಬಾಕ್ಸಿಗೆ ಹೋಗುವ ದಪ್ಪ ಕೇಬಲ್ ಹೊರಗಿನಿಂದ ನೋಡಿದರೆ ಏನೂ ಆಗಿರಲಿಲ್ಲ. ತುದಿಯ ರಬ್ಬರ್ ಕೊಯ್ದರೆ ಒಳಗೆಲ್ಲ ಹಸಿರು ಕಿಲುಬು, ಬೆರಳಲ್ಲಿ ಉಜ್ಜಿದರೆ ತಾಮ್ರದ ಎಳೆಗಳು ಪುಡಿ ಪುಡಿ. ಹೊಸ ಕೇಬಲ್ ಹಾಕಿ, ಬೋಲ್ಟ್ ಕೂರುವ ಜಾಗವನ್ನು ಎಮರಿ ಪೇಪರಿನಲ್ಲಿ ತಿಕ್ಕಿ, ಗ್ರೀಸ್ ಸವರಿದರು. ಈಗ ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 14.1 ವೋಲ್ಟ್ ತೋರಿಸುತ್ತದೆ. ಒಟ್ಟು 650 ರೂಪಾಯಿ. ಹಳೇ ಕೇಬಲನ್ನೂ ಕೈಗೆ ಕೊಟ್ಟರು.

ಒಂದು ಸ್ಟಾರ್ ಕಟ್ ಮಾಡಿದ್ದಕ್ಕೆ ಕಾರಣ ಇದೆ. ಫೋನ್ ಎತ್ತುವುದೇ ಇಲ್ಲ, ಬಿಲ್ ಅಂದರೆ ಬೀಡಿ ಕಟ್ಟಿನ ಹಿಂದೆ ಬರೆದ ಲೆಕ್ಕ, ಕೂರಲು ಹಳೇ ಟೈರ್ ಒಂದೇ ಗತಿ. ಹೋಗುವುದಾದರೆ ಬೆಳಿಗ್ಗೆ ಹತ್ತರೊಳಗೆ ಹೋಗಿ, ಆಮೇಲೆ ಟಿಪ್ಪರ್‌ಗಳು ಬಂದು ಸಾಲು ನಿಲ್ಲುತ್ತವೆ.