ಅಯೋವಾ ಸಿಟಿಯ ನಾಟಕ ರೀಡಿಂಗ್: ಪುಕ್ಕಟೆ ಅಂತ ಬಿಡಬೇಡಿ

ಅಮೆರಿಕದ ಅಯೋವಾ ರಾಜ್ಯದಲ್ಲಿ ಸೀಡರ್ ರಾಪಿಡ್ಸ್, ಕೋರಲ್‌ವಿಲ್ ಕಡೆ ಇರುವ ಕನ್ನಡದವರಿಗಾಗಿ ಬರೆಯುತ್ತಿದ್ದೇನೆ. ಅಯೋವಾ ವಿಶ್ವವಿದ್ಯಾಲಯದ ನಾಟಕ ವಿಭಾಗದಲ್ಲಿ ಪ್ರತಿ ವರ್ಷ ಮೇ ಹೊತ್ತಿಗೆ ನ್ಯೂ ಪ್ಲೇ ಫೆಸ್ಟಿವಲ್ ನಡೆಯುತ್ತದೆ. ನಾಟಕ ಬರೆಯುವುದನ್ನೇ ಎಂಎಫ್‌ಎ (ಕಲೆಯ ಸ್ನಾತಕೋತ್ತರ ಪದವಿ) ಓದುತ್ತಿರುವವರು, ಅದರಲ್ಲೂ ಕೋರ್ಸ್ ಮುಗಿಸಿ ಹೊರಡುವವರು, ತಮ್ಮ ಹೊಸ ನಾಟಕಗಳನ್ನು ಜನರ ಮುಂದೆ ಇಡುತ್ತಾರೆ. ಕೆಲವು ಪೂರ್ತಿ ಪ್ರಯೋಗ, ಕೆಲವು ಬರೀ ರೀಡಿಂಗ್, ಅಂದರೆ ನಟರು ಸ್ಕ್ರಿಪ್ಟ್ ನೋಡಿಕೊಂಡು ಓದುವುದು. ಪ್ರಯೋಗಕ್ಕೆ ಜನ ಸೇರುತ್ತಾರೆ, ರೀಡಿಂಗ್ ಅಂದ್ರೆ "ಓದೋದನ್ನ ಏನು ನೋಡೋದು" ಅಂತ ಮನೆಯಲ್ಲೇ ಉಳಿಯುತ್ತಾರೆ. ನನಗೆ ಜಾಸ್ತಿ ಹಿಡಿಸಿದ್ದು ರೀಡಿಂಗೇ.

ಸೆಟ್ ಇಲ್ಲ, ವೇಷ ಇಲ್ಲ. ಸಾಲಾಗಿ ಕುರ್ಚಿ, ಮುಂದೆ ಮ್ಯೂಸಿಕ್ ಸ್ಟ್ಯಾಂಡ್, ಅದರ ಮೇಲೆ ಸ್ಕ್ರಿಪ್ಟ್. ತಾಳಮದ್ದಳೆ ಕೇಳಿ ಬೆಳೆದವರಿಗೆ ಇದು ಅಷ್ಟೇನೂ ವಿಚಿತ್ರ ಅನಿಸಲ್ಲ, ಅಲ್ಲೂ ವೇಷ ಕುಣಿತ ಇಲ್ಲದೆ ಕೂತು ಮಾತಲ್ಲೇ ಯುದ್ಧ ಗೆಲ್ಲಬೇಕು ಅಲ್ವಾ. ಆದರೆ ಅಲ್ಲಿ ಪಾತ್ರದ ಮಾತಾಡುವ ಅರ್ಥಧಾರಿಗೆ ಸ್ಥಳದಲ್ಲೇ ಮಾತು ಹುಟ್ಟಿಸುವ ಸ್ವಾತಂತ್ರ್ಯ ಇದೆ. ಇಲ್ಲಿ ಹಾಳೆಯಲ್ಲಿ ಇದ್ದಷ್ಟೇ. ಬರವಣಿಗೆ ಸಪ್ಪೆಯಾದರೆ ಲೈಟು, ಸಂಗೀತ ಯಾವುದೂ ಬಂದು ಕಾಪಾಡಲ್ಲ.

ನಾನು ಕೇಳಿದ್ದರಲ್ಲಿ ಒಂದು, ಅಪ್ಪ ಸತ್ತ ಮೇಲೆ ಜೋಳದ ಹೊಲ ಮಾರಬೇಕೋ ಬೇಡವೋ ಅಂತ ಜಗಳವಾಡುವ ಅಕ್ಕ ತಂಗಿಯರ ಕಥೆ. ಅಕ್ಕನ ಪಾತ್ರ ಓದುತ್ತಿದ್ದ ಹುಡುಗಿಯ ಫೈಲಿನಲ್ಲಿ ಬಿಳಿ ಹಾಳೆಗಳ ನಡುವೆ ಹಳದಿ ಹಾಳೆಗಳಿದ್ದವು. ರಿಹರ್ಸಲ್ ಶುರುವಾದ ಮೇಲೆ ತಿದ್ದಿ ಬರೆದ ಪುಟಗಳನ್ನು ಹೀಗೆ ಬೇರೆ ಬಣ್ಣದಲ್ಲಿ ಕೊಡುವುದು ರೂಢಿ. ಹಳದಿ ಬಂದ ಕೂಡಲೇ ಅವಳ ಓದು ಸ್ವಲ್ಪ ನಿಧಾನವಾಯಿತು, ಅವಳಿಗೂ ಅದು ಹೊಸದು. ಟ್ರ್ಯಾಕ್ಟರ್ ಕೀಲಿ ಎಲ್ಲಿದೆ ಅಂತ ತಂಗಿ ಕೇಳುತ್ತಾಳೆ, ಅಕ್ಕ ಉತ್ತರ ಕೊಡದೆ ಊಟ ಆಯ್ತಾ ಅನ್ನುತ್ತಾಳೆ. ಅಷ್ಟೇ. ಇಡೀ ಹಾಲ್ ಗಪ್ ಚಿಪ್. ಬರೆದವರು ಹಿಂದಿನ ಸಾಲಿನಲ್ಲಿ ಪೆನ್ಸಿಲ್ ಹಿಡಿದು ಕೂತಿದ್ದರು, ನೋಡುತ್ತಿದ್ದದ್ದು ನಟರನ್ನಲ್ಲ, ನಮ್ಮನ್ನ. ಯಾರಾದರೂ ಕೆಮ್ಮಿದರೆ, ಸೀಟಲ್ಲಿ ಮಿಸುಕಾಡಿದರೆ ಅಲ್ಲೊಂದು ಗೀಟು.

ತೊಂದರೆಯೂ ಇದೆ. ರಂಗಸೂಚನೆಗಳನ್ನು ಓದಲು ಒಬ್ಬರಿರುತ್ತಾರೆ, ನಾಟಕದಲ್ಲಿ ಓಡಾಟ, ಹೊಡೆದಾಟ ಜಾಸ್ತಿ ಇದ್ದರೆ ಮಾತಿಗಿಂತ ಅವರದ್ದೇ ಹೆಚ್ಚಾಗುತ್ತದೆ. "ದೀರ್ಘ ಮೌನ" ಅಂತ ಜೋರಾಗಿ ಓದಿ ಮೌನವನ್ನೇ ಕೆಡಿಸುವುದಂತೂ ತಮಾಷೆ. ಕಣ್ಣಿಗೆ ಹಬ್ಬ ಆಗಬೇಕಾದ ನಾಟಕ ಈ ರೂಪದಲ್ಲಿ ಸೊರಗುತ್ತದೆ, ಅದನ್ನು ನೋಡಿ ಇದು ಕೆಟ್ಟ ನಾಟಕ ಅಂತ ತೀರ್ಮಾನ ಮಾಡಬೇಡಿ. ತಾಲೀಮಿಗೆ ಸಿಗುವ ಹೊತ್ತೂ ಕಡಿಮೆ. ಅಮೆರಿಕದ ವೃತ್ತಿ ರಂಗಭೂಮಿಯಲ್ಲೇ ನಟರ ಯೂನಿಯನ್ನಿನ ಒಂದು ಬಗೆಯ ರೀಡಿಂಗ್ ಒಪ್ಪಂದದಲ್ಲಿ ಒಟ್ಟು 29 ಗಂಟೆಯ ಮಿತಿ ಇದೆ, ಇನ್ನು ಇವರು ವಿದ್ಯಾರ್ಥಿಗಳು.

ಮುಗಿದ ಮೇಲೆ ಚರ್ಚೆ ಇದ್ದರೆ ಎದ್ದು ಹೋಗಬೇಡಿ. ಈ ದೇಶದಲ್ಲಿ ಇಂಥ ಕಡೆ ಲಿಜ್ ಲೆರ್ಮನ್ ಅನ್ನುವ ನೃತ್ಯ ನಿರ್ದೇಶಕಿ ರೂಪಿಸಿದ ಪದ್ಧತಿ ಬಳಸುವುದುಂಟು. ಅದರಲ್ಲಿ ಸೀದಾ ಅಭಿಪ್ರಾಯ ಹೇಳುವಂತಿಲ್ಲ, "ಕೊನೇ ದೃಶ್ಯದ ಬಗ್ಗೆ ನನಗೊಂದು ಅಭಿಪ್ರಾಯ ಇದೆ, ಹೇಳಲಾ?" ಅಂತ ಬರೆದವರನ್ನು ಕೇಳಬೇಕು, ಅವರು ಬೇಡ ಅಂದರೆ ಬಾಯಿ ಮುಚ್ಚಬೇಕು. ನಮ್ಮೂರಲ್ಲಿ ನಾಟಕ ಮುಗಿದ ಮೇಲೆ ಚಹಾ ಅಂಗಡಿ ಮುಂದೆ ನಡೆಯುವ ಜಗಳ ಕಂಡವರಿಗೆ ಇದು ಹಿಂಸೆಯೇ.

ಅಮೆರಿಕದ ಹೆಸರಾಂತ ನಾಟಕಕಾರ ಟೆನೆಸಿ ವಿಲಿಯಮ್ಸ್ 1938ರಲ್ಲಿ ಡಿಗ್ರಿ ಮುಗಿಸಿದ್ದು ಇದೇ ವಿಶ್ವವಿದ್ಯಾಲಯದಲ್ಲಿ. ಹಾಗಂತ ಪ್ರತಿ ಸಲವೂ ಅಂಥವರೇ ಸಿಗುತ್ತಾರೆ ಅಂತಲ್ಲ. ಆದರೆ ರೀಡಿಂಗ್‌ಗೆ ದುಡ್ಡು ಕೊಡಬೇಕಿಲ್ಲ, ನದಿ ದಂಡೆಯ ಥಿಯೇಟರ್ ಬಿಲ್ಡಿಂಗ್ ಹುಡುಕುವುದು ಕಷ್ಟವಲ್ಲ. ಬೈಗುಳ ಧಾರಾಳವಾಗಿ ಇರುತ್ತೆ, ಸಣ್ಣ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಕೂರುವುದಾದರೆ ಮುಂದಿನ ಸಾಲೇ ಒಳ್ಳೇದು, ನಟರ ಮುಖ ಅರ್ಧ ಹೊತ್ತು ಹಾಳೆ ಕಡೆಗೇ ಬಗ್ಗಿರುತ್ತದೆ.